ಅಕ್ಕನಿಗೆ ಉಳಿದ ಐದು ಸ್ವರ

ರಾಗಿ ಕೊಯ್ಲು ಮುಗಿದ ಮೇಲೆ ಬರುವ ಒಂದು ಭಾನುವಾರ ತುಮಕೂರಿನ ನಮ್ಮ ದೇವಾಲಯದಲ್ಲಿ ಸುಗ್ಗಿ ಹಬ್ಬ ಮಾಡುತ್ತೇವೆ. ಹೊಲ ಇರುವವರು ಬೆಳೆದದ್ದರಲ್ಲಿ ಮೊದಲ ಪಾಲನ್ನು ತಂದು ಯೇಸುಸ್ವಾಮಿಯ ಮುಂದೆ ಇಡುತ್ತಾರೆ. ಸಿ.ಎಸ್. ಪುರದ ಕಡೆಯ ಒಂದು ಕುಟುಂಬ ರಾಗಿ ಮೂಟೆ ತರುತ್ತದೆ. ಗುಬ್ಬಿಯವರು ತೆಂಗಿನಕಾಯಿ ತರುತ್ತಾರೆ. ಹಿತ್ತಲು ಮಾತ್ರ ಇರುವವರು ಒಂದು ಕುಂಬಳಕಾಯಿಯನ್ನೋ ನಾಲ್ಕು ಬದನೆಕಾಯಿಯನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಾರೆ. ಆರಾಧನೆಯಾದ ಮೇಲೆ ಅಂಗಳದಲ್ಲಿ ಅದೆಲ್ಲ ಹರಾಜಾಗುತ್ತದೆ. ನಮಗೆ ಹೊಲವೂ ಇರಲಿಲ್ಲ, ಹಿತ್ತಲೂ ಇರಲಿಲ್ಲ. ಅಪ್ಪ ಒಂದು ಶಾಲೆಯಲ್ಲಿ ಜವಾನ. ಬೆಳಿಗ್ಗೆ ಗಂಟೆ ಹೊಡೆಯುವುದು, ಸಂಜೆ ಹಾರ್ಮೋನಿಯಂ ನುಡಿಸುವುದು, ಇಷ್ಟೇ ಅವನ ಬೇಸಾಯ. ಹಾಗಾಗಿ ಪ್ರತಿ ಸುಗ್ಗಿ ಹಬ್ಬಕ್ಕೂ ಅವನು ಒಂದು ಹೊಸ ಹಾಡು ಕಟ್ಟಿ, ಅದನ್ನು ಕಾಗದದ ಮೇಲೆ ದುಂಡಗೆ ಬರೆದು, ಕುಂಬಳಕಾಯಿಗಳ ಪಕ್ಕದಲ್ಲಿ ಇಡುತ್ತಿದ್ದ. ಆಮೇಲೆ ಅದನ್ನು ಸಭೆಯ ಮುಂದೆ ನಿಂತು ಹಾಡುತ್ತಿದ್ದವಳು ನನ್ನ ಅಕ್ಕ.

ಕೊನೆಯ ದಿನಗಳಲ್ಲಿ ಅಪ್ಪ ನಮ್ಮಿಬ್ಬರನ್ನೂ ಮಂಚದ ಹತ್ತಿರ ಕೂರಿಸಿಕೊಂಡು, ಹಬ್ಬಕ್ಕೆ ನಮ್ಮ ಮನೆಯವರು ಬರಿಗೈಲಿ ಹೋಗಬಾರದು ಎಂದ. ಪಾಲು ಮಾಡಿಕೊಳ್ಳಲು ಬೇರೇನೂ ಇಲ್ಲದ ಮನೆಯಲ್ಲಿ ಅದೊಂದೇ ನಮಗೆ ಬಂದ ಆಸ್ತಿ. ಹಾಡು ಕಟ್ಟುವುದು ನನಗೆ, ಹಾಡುವುದು ಅಕ್ಕನಿಗೆ. ನಾವು ಕೂತು ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ ಅದು. ಅವಳ ಗಂಟಲು ಹಾಗಿತ್ತು, ನನ್ನದು ಹೀಗಿತ್ತು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಸೊಂಟದ ಮೇಲೆ ಕೂರಿಸಿಕೊಂಡು ನನ್ನನ್ನು ಬೆಳೆಸಿದವಳು. ಮದುವೆಯಾಗಿ ಗುಬ್ಬಿಗೆ ಹೋದಳು, ಅಲ್ಲೇ ಅಂಗನವಾಡಿ ಟೀಚರ್ ಆದಳು. ಪ್ರತಿ ಭಾನುವಾರ ಬೆಳಗಿನ ರೈಲಿಗೋ ಬಸ್ಸಿಗೋ ತುಮಕೂರಿಗೆ ಬಂದುಬಿಡುತ್ತಿದ್ದಳು. ಭಾವ ತೀರಿಕೊಂಡ ಮೇಲೂ ಅದನ್ನು ತಪ್ಪಿಸಲಿಲ್ಲ. ಅವಳ ದನಿಯ ಬಗ್ಗೆ ಏನು ಹೇಳಲಿ? ದೇವಾಲಯದ ಮೈಕು ಕೆಟ್ಟ ದಿನ ಅವಳು ಹಾಡಿದರೆ, ಮೈಕು ಕೆಟ್ಟಿದೆ ಎಂದು ಹಿಂದಿನ ಸಾಲಿನವರಿಗೆ ಗೊತ್ತಾಗುತ್ತಿರಲಿಲ್ಲ. ಇನ್ನೂರು ಜನ ಒಟ್ಟಿಗೆ ಹಾಡುವಾಗಲೂ ಅವಳ ದನಿ ಎಲ್ಲರ ದನಿಯ ಮೇಲೆ ಬೇರೆಯಾಗಿ ಕೇಳುತ್ತಿತ್ತು. ಅವಳು ಬೇಕೆಂದು ಹಾಗೆ ಮಾಡುತ್ತಿರಲಿಲ್ಲ, ಅದು ಇದ್ದದ್ದೇ ಹಾಗೆ.

ಹಾರ್ಮೋನಿಯಂ ಬಲ್ಲವರಿಗೆ ಬೇಕಾಗಿಲ್ಲದ ಒಂದು ವಿವರಣೆ ಇಲ್ಲಿ ಕೊಡಬೇಕು. ನಾವು ಒತ್ತುವ ಒಂದೊಂದು ಪಟ್ಟಿಗೂ ಮನೆ ಎನ್ನುತ್ತೇವೆ. ಹಾಡುವವರ ಗಂಟಲಿಗೆ ತಕ್ಕಂತೆ ಯಾವ ಮನೆಯನ್ನು ‘ಸ’ ಎಂದು ಹಿಡಿಯಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತೇವೆ. ಅದೇ ಶ್ರುತಿ. ಅಕ್ಕನದು ಐದೂವರೆ ಮನೆ, ಅಂದರೆ ಐದನೇ ಬಿಳಿ ಪಟ್ಟಿಯ ಪಕ್ಕದ ಕರಿ ಪಟ್ಟಿ. ಹೆಂಗಸರಲ್ಲಿಯೂ ಅದು ಎತ್ತರದ ಶ್ರುತಿ. ಅವಳು ಅಲ್ಲಿಂದ ಹೊರಟು, ಮೇಲಿನ ‘ಸ’ ಮುಟ್ಟಿ, ಅಲ್ಲಿ ಒಂದಿಷ್ಟು ನಿಂತು, ಇನ್ನೂ ಎರಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ನಾನು ಸತ್ಯಮಂಗಲದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ದಿನವಿಡೀ ಮೆಷಿನ್ನಿನ ಒಂದೇ ಗುಂಯ್ ಶಬ್ದದ ಮುಂದೆ ನಿಂತು ಮನಸ್ಸಿನಲ್ಲೇ ಧಾಟಿ ಹುಡುಕುತ್ತಿದ್ದೆ. ಸದಾಶಿವನಗರದ ಮನೆಗೆ ಬಂದು ಕೈ ತೊಳೆದವನು, ನೋಟ್‌ಬುಕ್ಕಿನ ಹೊಸ ಹಾಳೆಯ ತಲೆಯ ಮೇಲೆ ಮೊದಲು ‘ಐದೂವರೆ’ ಎಂದು ಬರೆಯುತ್ತಿದ್ದೆ. ಆಮೇಲೆ ಸಾಹಿತ್ಯ. ಮೂವತ್ತು ವರ್ಷ ನನ್ನ ಕೆಲಸ ನಡೆದದ್ದು ಹೀಗೆ.

ಆರು ವರ್ಷದ ಹಿಂದೆ ಅಕ್ಕನ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಎಂದರು, ತೆಗೆಯಲೇಬೇಕು ಎಂದರು. ಆಪರೇಷನ್ ಮಾಡಿದ ವೈದ್ಯರು ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ದನಿಯ ನರ ಆ ಗಂಟಿಗೇ ಅಂಟಿಕೊಂಡಿದೆ, ಪ್ರಾಣಕ್ಕೆ ತೊಂದರೆ ಇಲ್ಲ, ದನಿಯ ಬಗ್ಗೆ ಮಾತು ಕೊಡಲಾರೆ ಎಂದು ಮೊದಲೇ ಹೇಳಿದ್ದರು. ಅಕ್ಕ ತಲೆಯಾಡಿಸಿ ರುಜು ಹಾಕಿದಳು. ನಾನು ಕಾರಿಡಾರಿನಲ್ಲಿ ನಿಂತು ದೇವರ ಹತ್ತಿರ ಜಗಳವಾಡಿದೆ. ಕೈ ಬೇಕಾದರೆ ತಗೋ, ಕಾಲು ಬೇಕಾದರೆ ತಗೋ, ಅದೊಂದನ್ನು ಬಿಡು ಎಂದೆ. ನನ್ನ ಕೈ ಕಾಲನ್ನಲ್ಲ, ಅವಳದನ್ನೇ ಕೊಡುತ್ತಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಎರಡು ದಿನದ ಮೇಲೆ ಅವಳು ಮಾತಾಡಿದಳು. ಊಟ ಆಯ್ತಾ ಎಂದು ಕೇಳಿದಳು ಅಷ್ಟೇ. ಒಣಗಿದ ತೆಂಗಿನ ಗರಿಯನ್ನು ಸಿಮೆಂಟಿನ ಮೇಲೆ ಎಳೆದುಕೊಂಡು ಹೋದ ಹಾಗಿತ್ತು. ನಾನು ಹಿಂದಕ್ಕೆ ತಿರುಗಿ, ಪಕ್ಕದ ಮಂಚದವರು ಯಾರೋ ಕೇಳಿದರೆಂದುಕೊಂಡು ನೋಡಿದೆ.

ದನಿ ಸ್ವಲ್ಪ ಮಟ್ಟಿಗೆ ವಾಪಸ್ ಬರಬಹುದು ಎಂದರು. ಆ ‘ಬರಬಹುದು’ ಅನ್ನುವುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಆ ವರ್ಷದ ಸುಗ್ಗಿ ಹಬ್ಬಕ್ಕೆ ಹಾಡು ಕಟ್ಟಲು ಕೂತಾಗ ಹಾಳೆಯ ಮೇಲೆ ‘ಐದೂವರೆ’ ಎಂದೇ ಬರೆದೆ. ಚರಣವನ್ನು ಎಂದಿಗಿಂತ ಒಂದು ಮೆಟ್ಟಿಲು ಮೇಲಕ್ಕೇ ಒಯ್ದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದಿಲ್ಲವೇ, ನಾನು ಮಾಡಿದ್ದು ಅದೇ ಕೆಲಸ. ಅಕ್ಕನ ಜಾಗದಲ್ಲಿ ಬೇರೆ ಯಾರೂ ಕೂರಬಾರದು, ಅವಳು ಬಂದಾಗ ಜಾಗ ಖಾಲಿ ಇರಬೇಕು. ಪ್ರೀತಿಯಿಂದಲೇ ಮಾಡಿದೆ. ಹಾಗೆಂದುಕೊಂಡಿದ್ದೆ.

ಹಬ್ಬದ ದಿನ ನಮ್ಮ ಹಾಡುಗಾರರ ತಂಡವಾದ ಕ್ವಯರಿನ, ಬಿ.ಕಾಂ. ಓದುವ ಹುಡುಗಿಯೊಬ್ಬಳು ಅದನ್ನು ಹಾಡಲು ಎದ್ದಳು. ಪಲ್ಲವಿ ದಾಟಿದಳು. ಚರಣದಲ್ಲಿ ಅವಳ ದನಿ ಸೀಳಿತು, ಮುಂದಿನ ಸಾಲಿನಲ್ಲಿ ನಿಂತೇ ಹೋಯಿತು. ಸಭೆ ಆ ಹುಡುಗಿಯ ಮುಖ ನೋಡಲಾರದೆ ನೆಲ ನೋಡಿತು. ಎರಡನೇ ವರ್ಷ ಇನ್ನೊಬ್ಬಳು, ಅದೇ ಕಥೆ. ಮೂರನೇ ವರ್ಷ ಕ್ವಯರಿನಲ್ಲಿ ಯಾರೂ ಒಪ್ಪಲಿಲ್ಲ, ನಾನೇ ಗಂಡು ದನಿಯಲ್ಲಿ ಕಿರುಚಿದೆ. ದೇವಾಲಯಕ್ಕೆ ಆ ಹೊತ್ತಿಗೆ ಕೀಬೋರ್ಡ್ ಬಂದಿತ್ತು. ಒಂದು ಗುಂಡಿ ಒತ್ತಿದರೆ ಶ್ರುತಿ ಎಷ್ಟು ಬೇಕೋ ಅಷ್ಟು ಇಳಿಯುತ್ತದೆ. ಆ ಬಿ.ಕಾಂ. ಹುಡುಗಿ ಮೆಲ್ಲಗೆ, “ಅಂಕಲ್, ಸ್ವಲ್ಪ ಇಳಿಸ್ಕೊಳ್ಳೋಣ್ವಾ? ಎಲ್ರೂ ಹಾಡ್ಬೋದು” ಎಂದಳು. ಇಳಿಸೋಕೆ ಇದೇನು ಟೊಮೆಟೊ ರೇಟಾ ಎಂದು ರೇಗಿಬಿಟ್ಟೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಹುಡುಗಿ ಆಮೇಲೆ ನನ್ನ ಹತ್ತಿರ ಹಾಡಿನ ಮಾತು ಎತ್ತಲಿಲ್ಲ.

ಅಲ್ಲಿಂದ ನನ್ನ ಹಾಡುಗಳು ಒಂದೊಂದಾಗಿ ನಿಂತವು. ಪರದೆ ಬಂತು, ಪರದೆಯ ಮೇಲೆ ಸಾಲುಗಳು ಬಂದವು, ಎಲ್ಲಿಂದಲೋ ಇಳಿಸಿಕೊಂಡ ಟ್ರ್ಯಾಕುಗಳು ಬಂದವು. ಕನ್ನಡದ ಹಾಡೇ ಯಾರಿಗೂ ಬೇಡವಾಯಿತು, ಈ ಕಾಲದವರಿಗೆ ಕಿವಿಯೇ ಇಲ್ಲ, ಭಕ್ತಿಯೂ ಇಲ್ಲ ಎಂದು ನಾನು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಡಲು ಬಾರದ ಹಾಡು ಕಟ್ಟಿ, ಹಾಡದವರನ್ನು ಬೈದೆ. ಆದರೂ ಕಟ್ಟುವುದನ್ನು ಬಿಡಲಿಲ್ಲ. ಎಷ್ಟೋ ಸಂಜೆ ನೋಟ್‌ಬುಕ್ ತೆರೆದು, ಯಾರಿಗಾಗಿ ಇದೆಲ್ಲ ಎಂದು ಮುಚ್ಚಿದ್ದೇನೆ. ಮತ್ತೆ ಅಪ್ಪನ ಮಾತು ನೆನಪಾಗಿ ತೆರೆದಿದ್ದೇನೆ.

ಅಕ್ಕ ಆ ಮೂರು ವರ್ಷವೂ ಹಬ್ಬಕ್ಕೆ ಬಂದಳು. ಹೆಂಗಸರ ಕಡೆಯ ಮೂರನೇ ಬೆಂಚಿನಲ್ಲಿ, ನಾನು ಕೊಟ್ಟ ಹಾಡಿನ ಪ್ರತಿಯನ್ನು ಮಡಿಲಲ್ಲಿ ಇಟ್ಟುಕೊಂಡು, ತುಟಿ ಮುಚ್ಚಿ ಕೂರುತ್ತಿದ್ದಳು. ಪ್ರತಿ ಸಲವೂ ಹಾಡನ್ನು ಮೊದಲು ಅವಳ ಕೈಗೇ ಕೊಡುತ್ತಿದ್ದೆ. ಅವಳು ಓದಿ, ಚೆನ್ನಾಗಿದೆ ಎಂದು ಹಿಂದಕ್ಕೆ ಕೊಡುತ್ತಿದ್ದಳು. ನಾಲ್ಕನೇ ವರ್ಷ ಕಾಲು ನೋವು ಎಂದು ತುಮಕೂರಿಗೆ ಬರುವುದನ್ನೇ ನಿಲ್ಲಿಸಿದಳು. ಗುಬ್ಬಿಯಲ್ಲೇ ಯಾರದೋ ಮನೆಯ ಪ್ರಾರ್ಥನೆಗೆ ಹೋಗುತ್ತೇನೆ ಎಂದಳು. ದೇವರ ಮೇಲೆ ಅವಳಿಗೆ ಬೇಸರವಾಗಿದೆ ಎಂದುಕೊಂಡೆ. ನನ್ನ ಮೇಲೆ ಇರಬಹುದೆಂದು ಒಂದು ದಿನವೂ ಅನ್ನಿಸಲಿಲ್ಲ.

ಐದನೇ ವರ್ಷ, ಅಂದರೆ ಕಳೆದ ಹಬ್ಬದ ಹಿಂದಿನದು, ನನ್ನ ಪಾಲಿಗೆ ತೀರಾ ಕೆಟ್ಟದ್ದು. ಸಭಾಪಾಲಕರು ನನಗಿಂತ ಚಿಕ್ಕವರು, ಮೃದು ಮಾತಿನವರು. ಹಿಂದಿನ ದಿನ ನನ್ನನ್ನು ಪಕ್ಕಕ್ಕೆ ಕರೆದು, ಈ ಸಲ ಹಾಡುವುದು ಬೇಡ, ಸಾಹಿತ್ಯವನ್ನು ನಾನೇ ಓದಿಬಿಡುತ್ತೇನೆ, ಅದೂ ಕಾಣಿಕೆಯೇ ಅಲ್ಲವೇ ಎಂದರು. ಆಗಲಿ ಎಂದೆ. ಹಬ್ಬದ ದಿನ ಕಾರ್ಯಕ್ರಮ ಉದ್ದವಾಗಿ ಓದುವುದೂ ಮರೆತುಹೋಯಿತು. ಹಾಡಿನ ಕಾಗದ ಕುಂಬಳಕಾಯಿಗೆ ಒರಗಿಕೊಂಡು ಕೂತೇ ಇತ್ತು. ಹರಾಜಿನ ಹೊತ್ತಿಗೆ ಕುಂಬಳಕಾಯಿ ಕೊಂಡವರೊಬ್ಬರು ಅದನ್ನೂ ಅದರ ಜೊತೆಗೇ ಚೀಲಕ್ಕೆ ಹಾಕಿಕೊಂಡರು. ಅದು ಬಿಲ್ಲು ಎಂದುಕೊಂಡಿದ್ದರಂತೆ. ನಾನು ಮನೆಗೆ ಬಂದು ಹಾರ್ಮೋನಿಯಮ್ಮಿನ ಮೇಲೆ ಬಟ್ಟೆ ಮುಚ್ಚಿ, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತೆ. ಐವತ್ತೆಂಟು ವರ್ಷದ ಗಂಡಸು.

ಅದಾಗಿ ಎರಡು ತಿಂಗಳಿಗೆ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಅವಳನ್ನು ಕೊಟ್ಟಿರುವುದು ಕುಣಿಗಲ್ಲಿಗೆ. ಬಾಣಂತನಕ್ಕೆಂದು ಅಕ್ಕ ಅಲ್ಲೇ ಉಳಿದಿದ್ದಳು. ಮಗು ನೋಡಲು ನಾನು ಒಂದು ಬುಧವಾರ ರಜೆ ಹಾಕಿ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಒಂದಿಷ್ಟು ಬ್ರೆಡ್ಡು, ಸೇಬು ಕೊಂಡು, ಅವರ ಬೀದಿಗೆ ತಿರುಗಿದಾಗ ಮಧ್ಯಾಹ್ನ ಮೂರು ಗಂಟೆ. ಮನೆಯ ಮುಂದೆ ಹತ್ತು ಹನ್ನೆರಡು ಜೊತೆ ಹೆಂಗಸರ ಚಪ್ಪಲಿ. ಒಳಗೆ ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಚಪ್ಪಾಳೆ ತಟ್ಟಿಕೊಂಡು ಹಾಡುತ್ತಿದ್ದರು.

ಹಾಡು ನನ್ನದು. ಬಿ.ಕಾಂ. ಹುಡುಗಿಯ ನಂತರ ಇನ್ನೊಬ್ಬಳು ಕೆಡಿಸಿದ್ದಳಲ್ಲ, ಆ ಎರಡನೇ ವರ್ಷದ್ದು. ಗೇಟಿನ ಹತ್ತಿರ ನಿಂತುಕೊಂಡೆ. ಸಂತೋಷವಾಗಬೇಕಿತ್ತು, ನನಗೆ ಬಂದದ್ದು ಸಿಟ್ಟು. ಶ್ರುತಿ ಎಲ್ಲೋ ಕೆಳಗೆ, ನೆಲ ಗುಡಿಸುವ ಹಾಗಿತ್ತು. ಚರಣ ಮೇಲೆ ಹೋಗುವ ಕಡೆ ಅವರು ಹೋಗಲೇ ಇಲ್ಲ. ಹೊಸ್ತಿಲವರೆಗೆ ಬಂದು, ಒಳಗೆ ಹೆಜ್ಜೆ ಇಡದೆ, ಹಿಂದಕ್ಕೆ ಹೋಗಿಬಿಟ್ಟರು. ನನ್ನ ಹಾಡಿನ ಕತ್ತು ಕುಯ್ದು ಮುಂಡ ಇಟ್ಟುಕೊಂಡಿದ್ದಾರೆ ಎನ್ನಿಸಿತು. ಮುಂದೆ ಹೇಳಿಕೊಡುತ್ತಿದ್ದ ಒಂದು ದನಿ, ಅದರ ಹಿಂದೆ ಉಳಿದವರು. ಆ ಮುಂದಿನ ದನಿ ಒಣ ತೆಂಗಿನ ಗರಿಯದು.

ಅಕ್ಕ ಹಾಡುತ್ತಿದ್ದಳು. ಐದು ವರ್ಷದ ಹತ್ತಿರ ಹತ್ತಿರ ನನ್ನ ಮುಂದೆ ಹಾಡಲು ಬಾಯಿ ತೆರೆಯದವಳು, ಕುಣಿಗಲ್ಲಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರ ನಡುವೆ ಕೂತು, ಚಪ್ಪಾಳೆ ತಟ್ಟಿ ಹಾಡುತ್ತಿದ್ದಳು. ನನಗೆ ಆದದ್ದು ಅಸೂಯೆ ಎಂದು ಈಗ ಬರೆಯಬಲ್ಲೆ.

ಹೆಂಗಸರೆಲ್ಲ ಹೋದ ಮೇಲೆ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಇಬ್ಬರೇ ಕೂತೆವು. ಮಗುವಿನ ಮಾತು ಒಂದಿಷ್ಟಾಯಿತು. ನಾನು ತಡೆಯಲಾರದೆ, ಹಾಡನ್ನು ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಅಷ್ಟು ಎತ್ತರಕ್ಕೆ ನನಗೆ ಹೋಗಲಾಗುವುದಿಲ್ಲ, ಅದಕ್ಕೆ ಇಳಿಸಿಕೊಂಡೆ ಎಂದಳು. ನನಗೊಂದು ಮಾತು ಹೇಳಬಾರದಿತ್ತೇ ಎಂದೆ. ನನ್ನ ದನಿ ಏರಿತ್ತು. ಅಕ್ಕ ಲೋಟವನ್ನು ಕೆಳಗಿಟ್ಟಳು.

“ಆಪರೇಷನ್ ಆದ್ಮೇಲೆ ಒಂದ್ ದಿನನಾದ್ರೂ ಕೇಳಿದ್ಯೇನೋ, ಅಕ್ಕ ಈಗ ಎಲ್ಲೀಗಂಟ ಹಾಡ್ತೀಯ ಅಂತ?” ಎಂದಳು. “ವರ್ಷ ವರ್ಷ ಆ ಹಾಡು ಮಾಡ್ಕೊಂಡು ಬಂದು ನನ್ ಮುಂದೆ ಇಡ್ತಿದ್ದೆ. ನಮ್ ಪಕ್ಕದ್ಮನೆಯೋರು ಸತ್ತೋರಿಗೆ ಎಡೆ ಇಡ್ತಾರಲ್ಲ, ಅವ್ರಿಗೆ ಏನ್ ಇಷ್ಟ ಇತ್ತೋ ಅದನ್ನೇ ಮಾಡಿ. ಹಂಗಿತ್ತು ಕಣೋ. ನಾನು ಬದುಕಿದೀನಿ. ನಿನ್ ಎದುರಿಗೇ ಕೂತಿದೀನಿ.”

ಒಳಗೆ ಮಗು ಅತ್ತಿತು, ಅವಳು ಎದ್ದು ಹೋದಳು. ನಾನು ಐದೂವರೆಯ ಬಸ್ಸು ಹಿಡಿದು ತುಮಕೂರಿಗೆ ಬಂದೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಮೂರನೇ ಬೆಂಚಿನಲ್ಲಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಕ್ಕನ ಮುಖ ಮೂರು ಹಬ್ಬದ್ದೂ ಒಂದೊಂದಾಗಿ ಕಣ್ಣ ಮುಂದೆ ಬಂತು. ನಾನು ಜಾಗ ಹಿಡಿದಿಟ್ಟದ್ದು ನಿಜ. ಆ ಜಾಗಕ್ಕೆ ಬರಬೇಕಾದವಳು ಇಲ್ಲವೇ ಇಲ್ಲ, ಇದ್ದವಳಿಗೆ ನಾನು ಕೂರಲು ಜಾಗ ಕೊಡಲಿಲ್ಲ.

ಕೆಲವು ವಾರ ಏನೂ ಮಾಡಲಿಲ್ಲ. ಆಮೇಲೆ ಹಾರ್ಮೋನಿಯಮ್ಮಿನ ಮೇಲಿನ ಬಟ್ಟೆ ತೆಗೆದು, ಅದನ್ನು ರಿಪೇರಿ ಮಾಡುವ ಸಾಬರ ಅಂಗಡಿಗೆ ಹೊತ್ತುಕೊಂಡು ಹೋದೆ. ಅಪ್ಪನ ಕಾಲದಿಂದಲೂ ಆ ಪೆಟ್ಟಿಗೆಯನ್ನು ನೋಡಿಕೊಂಡು ಬಂದ ಮನೆತನ ಅವರದು. ಅವರು ಮುಚ್ಚಳ ಬಿಚ್ಚಿ, ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳ ಸಾಲನ್ನು ಬೆಳಕಿಗೆ ಹಿಡಿದು ನೋಡಿದರು. ಮೇಲಿನ ಭಾಗದವು ಸವೆದು ತೆಳ್ಳಗಾಗಿದ್ದವು. ಕೆಳಗಿನವು ಹೊಸದರ ಹಾಗೇ ಇದ್ದವು, ಮೇಲೆ ಧೂಳು ಮಾತ್ರ. “ಈ ಕಡೆ ಕೈಯೇ ಇಟ್ಟಿಲ್ವಲ್ಲ ನೀವು,” ಎಂದರು. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು. ಧೂಳು ತೆಗೆದು, ಗಾಳಿ ಹೋಗುವ ಕಡೆ ಹೊಸ ಚರ್ಮ ಹಾಕಿ ಕೊಟ್ಟರು.

ಅಕ್ಕ ಬಾಣಂತನ ಮುಗಿಸಿ ಗುಬ್ಬಿಗೆ ಬಂದ ಸುದ್ದಿ ತಿಳಿದು, ಒಂದು ಶನಿವಾರ ಪೆಟ್ಟಿಗೆ ತೆಗೆದುಕೊಂಡು ಹೋದೆ. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ಚಾಪೆ ಹಾಸಿದಳು, ಎದುರಿಗೆ ಕೂತಳು. ನೀನು ಎಲ್ಲಿಯವರೆಗೆ ಹಾಡುತ್ತೀಯ ಎಂದು ಕೇಳಬೇಕಾದ ಪ್ರಶ್ನೆಯನ್ನು ಅವತ್ತು ಕೇಳಿದೆ. ನೀನೇ ನೋಡು ಎಂದಳು.

ಮೇಲಿನಿಂದ ಶುರು ಮಾಡಿದೆ. ಅಭ್ಯಾಸ, ಬೇರೆ ಏನೂ ಅಲ್ಲ. ಐದೂವರೆಯ ‘ಸ’ ಒತ್ತಿದೆ. ಅವಳು ತಲೆ ಅಲ್ಲಾಡಿಸಿದಳು. ಒಂದು ಮನೆ ಇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಇನ್ನೊಂದು ಇಳಿದೆ. ಬಾಯಿ ತೆರೆದಳು, ಗಾಳಿ ಬಂತು, ಸ್ವರ ಬರಲಿಲ್ಲ. ಹೀಗೆ ಒಂದೊಂದೇ ಮನೆ ಇಳಿಯುತ್ತ ಹೋದೆವು. ಮುಚ್ಚಿಹೋದ ಬೀದಿಯಲ್ಲಿ ಒಂದೊಂದು ಬಾಗಿಲೂ ತಟ್ಟಿಕೊಂಡು ಹೋದ ಹಾಗೆ. ಅವಳ ಮುಖ ಸಮಾಧಾನವಾಗಿತ್ತು. ಇದನ್ನೆಲ್ಲ ಅವಳು ಒಬ್ಬಳೇ, ಎಷ್ಟೋ ಸಲ ಮಾಡಿ ನೋಡಿಕೊಂಡಿದ್ದಳು ಎಂದು ಆಗ ತಿಳಿಯಿತು.

ಕೊನೆಗೆ, ಸಾಬರು ಧೂಳು ತೆಗೆದ ಕಡೆ, ಒಂದು ಸ್ವರ ಸಿಕ್ಕಿತು. ಅದರ ಕೆಳಗೆ ಇನ್ನೊಂದು. ಮತ್ತೊಂದು. ಒರಟಾಗಿದ್ದವು, ಆದರೆ ನಿಲ್ಲುತ್ತಿದ್ದವು. ಒಟ್ಟು ಐದು. ಐದು ಬೆರಳನ್ನು ಐದು ಮನೆಯ ಮೇಲೆ ಇಟ್ಟರೆ ಮುಗಿಯಿತು, ಕೈಯನ್ನು ಆ ಕಡೆ ಈ ಕಡೆ ಸರಿಸುವ ಹಾಗಿಲ್ಲ. ಅವುಗಳಲ್ಲಿಯೂ ಮೇಲಿನದು ಕೆಲವೊಮ್ಮೆ ಬರುತ್ತಿತ್ತು, ಕೆಲವೊಮ್ಮೆ ಕೈಕೊಡುತ್ತಿತ್ತು. ಪೆಟ್ಟಿಗೆಯ ಮೇಲಿನ ಸ್ವರಗಳಲ್ಲೆಲ್ಲ ಓಡಾಡಿದವಳಿಗೆ ಉಳಿದದ್ದು ಇಷ್ಟು. ನಾನು ಪೆಟ್ಟಿಗೆಯ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಈ ಸಲ ಬಚ್ಚಲಿಗೆ ಹೋಗಲಿಲ್ಲ. ಅಕ್ಕ ಅಳಲಿಲ್ಲ. ನನ್ನ ಬೆನ್ನು ಸವರಿ, ಐದಿದ್ಯಲ್ಲ ಬುಡು ಎಂದಳು.

ಆ ಐದರಲ್ಲಿ ಹಾಡು ಕಟ್ಟಲು ನನಗೆ ಏಳು ತಿಂಗಳು ಹಿಡಿಯಿತು. ಮೂವತ್ತು ವರ್ಷದಲ್ಲಿ ಕಲಿತ ಯಾವ ಚಮತ್ಕಾರವೂ ಕೆಲಸಕ್ಕೆ ಬರಲಿಲ್ಲ. ನನ್ನ ಹಾಡುಗಳು ಮನಸ್ಸು ಮುಟ್ಟುತ್ತಿದ್ದದ್ದು ಎತ್ತರಕ್ಕೆ ಹೋಗುವ ಕಡೆ. ಇಲ್ಲಿ ಎತ್ತರವೇ ಇಲ್ಲ. ಲೇತಿನ ಮುಂದೆ ನಿಂತು ಧಾಟಿ ಹುಡುಕುವಾಗ ಗೊತ್ತಿಲ್ಲದೆ ಆರನೇ ಸ್ವರಕ್ಕೆ ಹೋಗಿಬಿಡುತ್ತಿದ್ದೆ, ನಾಲಿಗೆ ಕಚ್ಚಿಕೊಂಡು ಹಿಂದಕ್ಕೆ ಬರುತ್ತಿದ್ದೆ. ಪದಗಳನ್ನೂ ಕಡಿಮೆ ಮಾಡಿದೆ, ಅಕ್ಕನಿಗೆ ಉಸಿರು ಬೇಗ ಮುಗಿಯುತ್ತಿತ್ತು. ಎರಡು ವಾರಕ್ಕೊಮ್ಮೆ ಗುಬ್ಬಿಗೆ ಹೋಗಿ ಅವಳ ಮುಂದೆ ನುಡಿಸುತ್ತಿದ್ದೆ. ಇಲ್ಲಿ ಉಸಿರಿಗೆ ಜಾಗ ಬಿಡು ಎನ್ನುತ್ತಿದ್ದಳು. ಈ ಪದ ಗಂಟಲಿಗೆ ಸಿಗುತ್ತೆ, ತೆಗಿ ಎನ್ನುತ್ತಿದ್ದಳು. ಅವಳು ಹೇಳಿದ ಕಡೆ ನಾನು ಎದುರಾಡದೆ ತಿದ್ದಿದೆ. ನನ್ನಂಥವನಿಗೆ ಅದೇ ಒಂದು ತಪಸ್ಸು. ಕೊನೆಗೆ ಪಲ್ಲವಿ ಇಷ್ಟಾಯಿತು: “ಉಳಿದಷ್ಟು ನಿನ್ನದು ಸ್ವಾಮಿ, ಹೋದಷ್ಟೂ ನಿನ್ನದೇ.” ಹಾಳೆಯ ತಲೆಯ ಮೇಲೆ ಶ್ರುತಿಯ ಲೆಕ್ಕ ಬರೆಯಲಿಲ್ಲ.

ಕಳೆದ ಸುಗ್ಗಿ ಹಬ್ಬಕ್ಕೆ ಅಕ್ಕ ಎರಡು ವರ್ಷದ ಮೇಲೆ ತುಮಕೂರಿಗೆ ಬಂದಳು. ಮುಂದೆ ಬಂದು ಮೈಕಿನಲ್ಲಿ ಹಾಡು ಎಂದು ಸಭಾಪಾಲಕರೂ ಕೇಳಿದರು, ನಾನೂ ಕೇಳಿದೆ. ಬೇಡ, ನನ್ನ ಬೆಂಚಿನಲ್ಲೇ ಇರುತ್ತೇನೆ ಎಂದಳು. ಹಾಡನ್ನು ಶುರು ಮಾಡಲು ನಾನು ರೇಗಿ ಕಳಿಸಿದ್ದ ಆ ಹುಡುಗಿಯನ್ನೇ ಹೋಗಿ ಕೇಳಿಕೊಂಡೆ. ಅವಳು ಈಗ ಕೆಲಸಕ್ಕೆ ಹೋಗುತ್ತಾಳೆ. ನಕ್ಕಳು, ಒಪ್ಪಿಕೊಂಡಳು. ಅವಳು ಒಂದು ಸಲ ಪಲ್ಲವಿ ಹೇಳಿದಳು. ಎರಡನೇ ಸಲಕ್ಕೆ ಸಭೆ ಸೇರಿಕೊಂಡಿತು. ಎಲ್ಲರೂ. ಜನ್ಮದಲ್ಲಿ ಬಾಯಿಬಿಡದ, ಹರಾಜು ಕೂಗುವುದಕ್ಕೆ ಮಾತ್ರ ದನಿ ಎತ್ತುವ ಹಿರಿಯರೂ ಹಾಡಿದರು. ರಾಗಿ ಮೂಟೆಯವರು ಹಾಡಿದರು. ಐದು ಸ್ವರ, ಯಾರ ಗಂಟಲಿಗೂ ಹೊರೆಯಲ್ಲ. ನನ್ನ ಹಾಡನ್ನು ಇಡೀ ಸಭೆ ಹಾಡಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಅವರು ಅಕ್ಕ ಹಾಡಿದ್ದನ್ನು ಕೇಳುತ್ತಿದ್ದರು, ಅಷ್ಟೇ.

ನಾನು ಹಾರ್ಮೋನಿಯಂ ನುಡಿಸುತ್ತ ಮೂರನೇ ಬೆಂಚಿನ ಕಡೆ ಕಿವಿ ಇಟ್ಟಿದ್ದೆ. ಅಕ್ಕ ನಿಂತಿದ್ದಳು, ಹಾಡುತ್ತಿದ್ದಳು, ಬಾಯಿ ಕಾಣುತ್ತಿತ್ತು. ದನಿ ಸಿಗಲಿಲ್ಲ. ಇನ್ನೂರು ದನಿಗಳ ನಡುವೆ ಅದ್ಯಾವುದೋ ಒಂದಾಗಿ ಸೇರಿಹೋಗಿತ್ತು. ಗಾಳಿ ಒತ್ತುವುದನ್ನು ನಿಧಾನ ಮಾಡಿ ಹುಡುಕಿದೆ. ಮೊದಲನೇ ಚರಣದಲ್ಲಿ ಹುಡುಕಿದೆ, ಎರಡನೆಯದರಲ್ಲಿ ಹುಡುಕಿದೆ. ಹಾಡು ಮುಗಿಯಿತು. ಸಭಾಪಾಲಕರು ನನ್ನ ಭುಜ ಒತ್ತಿದರು. ಯಾರು ಯಾರೋ ಬಂದು ಕೈ ಕುಲುಕಿದರು, ಇಷ್ಟು ವರ್ಷ ಇಂಥದ್ದೊಂದು ಯಾಕೆ ಮಾಡಲಿಲ್ಲ ಎಂದರು.

ಊಟದ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ನಾನು ಎರಡು ಎಲೆ ತಟ್ಟೆ ಹಿಡಿದು ಹೋಗಿ ಪಕ್ಕದಲ್ಲಿ ಕೂತೆ. ಅವಳು ಒಂದು ತುತ್ತು ತಿಂದು, ತನ್ನ ದನಿ ಕೇಳಿಸಿತೇ ಎಂದು ಕೇಳಿದಳು. ಶ್ರುತಿಯ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಸುಳ್ಳು ಹೇಳಿದವನಲ್ಲ. ಅದಕ್ಕಾಗಿಯೇ ಅರ್ಧ ಊರನ್ನು ಎದುರು ಹಾಕಿಕೊಂಡಿದ್ದೇನೆ.

“ಕೇಳಿಸ್ತು ಕಣಕ್ಕ. ಕೊನೇಗಂಟ ಕೇಳಿಸ್ತು,” ಎಂದೆ.

ಅವಳು ನನ್ನ ಮುಖ ನೋಡಿದಳು. ಚಿಕ್ಕಂದಿನಲ್ಲಿ ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿಲ್ಲ ಎಂದಾಗ ನೋಡುತ್ತಿದ್ದಳಲ್ಲ, ಹಾಗೆ.

“ಎರಡ್ನೇ ಚರಣಕ್ಕೇ ನಿಂತೋಯ್ತು ಕಣೋ,” ಎಂದಳು. “ಆ ಐದ್ನೇದು ಇವತ್ತು ಬರ್ಲೇ ಇಲ್ಲ. ಆಮೇಲೆ ಸುಮ್ನೆ ಬಾಯಿ ಆಡಿಸ್ತಿದ್ದೆ.”

ನಾನು ತಟ್ಟೆಯನ್ನೇ ನೋಡುತ್ತ ಕೂತೆ. ಅಂಗಳದಲ್ಲಿ ಹರಾಜು ಶುರುವಾಗಿತ್ತು, ಕುಂಬಳಕಾಯಿಯನ್ನು ಎತ್ತಿ ಹಿಡಿದು ಕೂಗುತ್ತಿದ್ದರು. ಅಕ್ಕ ತನ್ನ ತಟ್ಟೆಯಲ್ಲಿದ್ದ ಹಪ್ಪಳವನ್ನು ತೆಗೆದು ನನ್ನ ಎಲೆಗೆ ಹಾಕಿದಳು.

“ಬರೋ ವರ್ಷದ್ದು ನಾಲ್ಕರಲ್ಲೇ ಮಾಡು,” ಎಂದಳು.

ಸರಿ ಎಂದೆ. ಈಗ ಅದನ್ನೇ ಮಾಡುತ್ತಿದ್ದೇನೆ. ಪಲ್ಲವಿ ಆಗಿದೆ, ಚರಣ ಇನ್ನೂ ಕೂತಿಲ್ಲ. ಹಬ್ಬಕ್ಕೆ ಇನ್ನೂ ಎಷ್ಟೋ ತಿಂಗಳಿದೆ, ನಿಧಾನವಾಗಿ ಮಾಡು ಎಂದು ಮನೆಯಲ್ಲಿ ಹೇಳುತ್ತಾರೆ. ನನಗೆ ಅವಸರ.